ತಮ್ಮ ಸೇನೆಯಲ್ಲಿದ್ದಾನೆ, ಹಳದಿ ಜ್ವರದ ಲಸಿಕೆ ಕಡ್ಡಾಯ. ಅವನಿಗೆ ಮೊಟ್ಟೆ ಆಗಲ್ಲ. ಏನ್ ಮಾಡ್ಬೇಕು?

ತುಂಗಾತೀರದ ಅಕ್ಕ:
ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಸೇನೆಯಲ್ಲಿ ಸಿಪಾಯಿ. ನಮ್ಮನೆ ತೀರ್ಥಹಳ್ಳಿಯಿಂದ ಒಳಗೆ. ಅವನ ಯೂನಿಟ್ ಯಾವುದು, ಈಗ ಎಲ್ಲಿದ್ದಾನೆ ಅಂತ ದಯವಿಟ್ಟು ಕೇಳ್ಬೇಡಿ, ಹೇಳಲ್ಲ. ಅವನು ಇಂಥ ಕಡೆ ಬರೆಯೋ ಹಾಗಿಲ್ಲ, ಹಾಗಾಗಿ ನಾನು ಬರೀತಿದೀನಿ.

ವಿಶ್ವಸಂಸ್ಥೆಯ ಶಾಂತಿಪಾಲನೆಗೆ ಹೋಗೋರ ಪಟ್ಟಿಯಲ್ಲಿ ಅವನ ಹೆಸರಿದೆ. ಹೋಗೋ ಮುಂಚೆ ಹಳದಿ ಜ್ವರದ (ಸೊಳ್ಳೆಯಿಂದ ಹರಡೋ ಯೆಲ್ಲೋ ಫೀವರ್, ಕಾಮಾಲೆ ಅಲ್ಲ) ಲಸಿಕೆ ಹಾಕಿಸ್ಕೊಳ್ಳಲೇಬೇಕು, ಬೇರೆ ಮಾತಿಲ್ಲ. ತೊಂದರೆ ಇರೋದು ಇಲ್ಲಿ. ಅವನು ಒಂದನೇ ಕ್ಲಾಸಲ್ಲಿದ್ದಾಗ ಪಕ್ಕದ ಮನೆ ಹುಡುಗನ ಜೊತೆ ಆಮ್ಲೆಟ್ ತಿಂದು ಬಂದಿದ್ದ. ನಮ್ಮನೇಲಿ ಮೊಟ್ಟೆ ತರಲ್ಲ, ಅದೇ ಮೊದಲು ಅವನು ತಿಂದಿದ್ದು. ಅರ್ಧ ಗಂಟೆಯೊಳಗೆ ತುಟಿ ಊದಿ ಕಣ್ಣು ಮುಚ್ಚೋ ಹಾಗಾಯ್ತು, ಮೈ ತುಂಬಾ ಕೆಂಪು ದದ್ದು, ಎದೆಯಲ್ಲಿ ಸುಂಯ್ ಸುಂಯ್ ಅಂತ ಸದ್ದು. ಅಪ್ಪ ಜೀಪಲ್ಲಿ ಹಾಕ್ಕೊಂಡು ತೀರ್ಥಹಳ್ಳಿಗೆ ಓಡಿದ್ರು. ಎರಡು ಇಂಜೆಕ್ಷನ್ ಕೊಟ್ಟ ಮೇಲೆ ಉಸಿರು ಸರಿಯಾಯ್ತು. ಆಮೇಲೆ ಮೊಟ್ಟೆ ಮುಟ್ಟಿಲ್ಲ.

ಭರ್ತಿ ಆಗುವಾಗ ಮೆಡಿಕಲ್‌ನಲ್ಲಿ ಇದನ್ನ ಹೇಳಿಲ್ಲ. ಅಸ್ತಮಾ ಇದೆಯಾ, ಫಿಟ್ಸ್ ಬರುತ್ತಾ ಅಂತ ಕೇಳಿದ್ರಂತೆ, ಇಲ್ಲ ಅಂದ, ಅದು ನಿಜಾನೇ. ಮೊಟ್ಟೆ ವಿಷಯ ಅವರೂ ಕೇಳಲಿಲ್ಲ, ಇವನೂ ಬಾಯಿ ಬಿಡಲಿಲ್ಲ. ಈಗ ಜೊತೆಯವನೊಬ್ಬ ಈ ಲಸಿಕೆ ಮೊಟ್ಟೆಯಲ್ಲೇ ಮಾಡೋದು ಅಂದನಂತೆ. ಅವತ್ತಿಂದ ಇವನಿಗೆ ನಿದ್ದೆ ಇಲ್ಲ.

ಹೇಳಿದ್ರೆ ಪಟ್ಟಿಯಿಂದ ಹೆಸರು ತೆಗೀತಾರೆ, ಮುಚ್ಚಿಟ್ಟೆ ಅಂತ ಕೇಸೂ ಆಗಬಹುದು ಅನ್ನೋ ಹೆದರಿಕೆ. ಹೇಳದೆ ಹಾಕಿಸ್ಕೊಂಡ್ರೆ ಜೀವದ ಹೆದರಿಕೆ. ಅಮ್ಮ ಹಾಕಿಸ್ಕೋಬೇಡ ಅಂತ ಒಂದೇ ಹಟ. ಅಪ್ಪ ಸುಮ್ನೆ ಹಾಕಿಸ್ಕೋ, ಏನೂ ಆಗಲ್ಲ ಅಂತಾರೆ. ತಿಳಿದೋರು ಹೇಳಿ.

ಹೊಸನಗರದ ಹುಡುಗ:
ಸುಮ್ನೆ ಹಾಕಿಸ್ಕೊಳ್ಳಕ್ಕೆ ಹೇಳಿ ಅಕ್ಕ. ಚಿಕ್ಕವನಿದ್ದಾಗ ಆಗಿದ್ದು ಈಗ ಎಲ್ಲಿರುತ್ತೆ. ಅಂಥ ಅವಕಾಶ ಮತ್ತೆ ಸಿಗಲ್ಲ, ಭತ್ಯೆನೂ ಚೆನ್ನಾಗಿರುತ್ತೆ.

ಅಡಿಕೆ ತೋಟ:
ಎಂಥ ಸಲಹೆ ಮಾರಾಯಾ ಇದು? ಉಸಿರು ಕಟ್ಟಿದ್ದ ಹುಡುಗನಿಗೆ ಸುಮ್ನೆ ಹಾಕಿಸ್ಕೋ ಅಂತೀಯಲ್ಲ!

ಹೊಸನಗರದ ಹುಡುಗ:
ಅವನಿಗೆ ಸೇರುವಾಗಲೇ ನಾಲ್ಕಾರು ಸೂಜಿ ಚುಚ್ಚಿರ್ತಾರೆ ಅಣ್ಣ. ಕೊರೊನಾದ್ದೂ ಆಗಿರುತ್ತೆ. ಅದರಲ್ಲಿ ಏನೂ ಆಗದಿದ್ದೋನಿಗೆ ಇದರಲ್ಲಿ ಏನಾಗುತ್ತೆ?

ಹಳೇ ಹವಾಲ್ದಾರ್:
ತಂಗಿ, ನಾನು ಸೇನೆಯಲ್ಲಿ ಇಪ್ಪತ್ತು ವರ್ಷದ ಮೇಲೆ ಇದ್ದು ಬಂದೋನು, ಈಗ ಸಾಗರದ ಹತ್ರ ತೋಟ ನೋಡ್ಕೊಂಡಿದ್ದೀನಿ. ಮೊದಲು ಒಂದು ಮಾತು. ಎಲ್ಲಿಗೆ ಹೋಗ್ತಾರೆ ಅನ್ನೋದನ್ನೂ ಹಾಕ್ಬೇಡ, ಇಷ್ಟು ಬರೆದಿದ್ದೇ ಜಾಸ್ತಿ. ಗುಟ್ಟು ಹೊರಗೆ ಹೋಗಬಾರದು ಅಂತ 2020ರಲ್ಲಿ ಸೇನೆ ಸೈನಿಕರ ಫೋನಿಂದ 89 ಆ್ಯಪ್ ತೆಗೆಸಿ ಹಾಕಿದ್ದು ಸುಮ್ನೆ ಅಲ್ಲ.

ಇನ್ನು ವಿಷಯಕ್ಕೆ ಬರ್ತೀನಿ. ನಮಗೂ ಟ್ರೇನಿಂಗ್ ಸೆಂಟರಲ್ಲಿ ಸಾಲಾಗಿ ನಿಲ್ಲಿಸಿ ತೋಳು ಚುಚ್ತಿದ್ರು. ಟೈಫಾಯ್ಡ್, ಧನುರ್ವಾಯು, ಇನ್ನೂ ಏನೇನೋ. ಯಾವುದಕ್ಕೆ ಅಂತ ಕೇಳ್ತಾ ಕೂತೋನು ಯಾರೂ ಇಲ್ಲ. ಒಂದು ಬ್ಯಾರಕ್ಕಲ್ಲಿ ಎಂಬತ್ತು ಜನ ಮಲಗೋ ಜಾಗ, ಒಬ್ಬನಿಗೆ ಬಂದ ಜ್ವರ ವಾರದೊಳಗೆ ಇಡೀ ಪ್ಲಟೂನಿಗೆ. ಹಾಗಾಗಿ ಕಡ್ಡಾಯ ಅನ್ನೋದು ಸರಿಯಾಗೇ ಇದೆ, ಅದರಲ್ಲಿ ನನಗೆ ಎರಡು ಮಾತಿಲ್ಲ.

ಆದ್ರೆ ಕಡ್ಡಾಯ ಅಂದ್ರೆ ಡಾಕ್ಟರ ಹತ್ರ ಬಾಯಿ ಮುಚ್ಕೊಂಡಿರು ಅಂತ ಅಲ್ಲ. ಪ್ರತಿ ಯೂನಿಟ್ಟಲ್ಲೂ ಎಂ.ಐ. ರೂಮ್ ಅಂತ ಚಿಕಿತ್ಸೆ ಕೋಣೆ ಇದೆ, ಆರ್.ಎಂ.ಓ. ಸಾಹೇಬ್ರು ಅಂದ್ರೆ ಯೂನಿಟ್ಟಿನ ಡಾಕ್ಟರು ಇರ್ತಾರೆ. ಬೆಳಿಗ್ಗೆ ಸಿಕ್ ರಿಪೋರ್ಟಿಗೆ, ಅಂದ್ರೆ ಹುಷಾರಿಲ್ಲದೋರು ಡಾಕ್ಟರನ್ನ ನೋಡೋ ಹೊತ್ತಿಗೆ ಹೋಗಿ, ಸಾಹೇಬ್, ನನಗೆ ಚಿಕ್ಕಂದಿನಲ್ಲಿ ಮೊಟ್ಟೆ ತಿಂದು ಹೀಗಾಗಿತ್ತು, ಈ ಲಸಿಕೆ ಹಾಕಬಹುದಾ ಅಂತ ಕೇಳಿದ್ರೆ ಅದು ಹುಕುಂ ಮೀರಿದ ಹಾಗೆ ಆಗಲ್ಲ. ಹಾಕಿಸ್ಕೊಳ್ಳಲ್ಲ ಅಂತ ಎದೆ ಸೆಟೆಸಿ ನಿಂತ್ರೆ ಅದು ಬೇರೆ ಕತೆ, ಹುಕುಂ ಮೀರಿದ ಅಪರಾಧಕ್ಕೆ ಆರ್ಮಿ ಆ್ಯಕ್ಟ್ 41ನೇ ಸೆಕ್ಷನ್ ಬರುತ್ತೆ. ಇವನು ಹಾಗೆ ಮಾಡ್ತಿಲ್ಲವಲ್ಲ.

ಶರಾವತಿ ಹಿನ್ನೀರು:
ಅಮ್ಮನ ಮಾತೇ ಸರಿ. ದೇಹ ನಮ್ಮದು. ಸುಪ್ರೀಂ ಕೋರ್ಟೇ ಯಾರಿಗೂ ಬಲವಂತವಾಗಿ ಲಸಿಕೆ ಹಾಕೋ ಹಾಗಿಲ್ಲ ಅಂದಿದೆ. ಹಾಕಿಸ್ಕೊಳ್ಳಲ್ಲ ಅಂತ ಬರೆದು ಕೊಡಲಿ, ಏನ್ ಮಾಡ್ತಾರೆ ನೋಡೋಣ.

ಕರಿಕೋಟು ಭದ್ರಾವತಿ:
ಅರ್ಧ ತೀರ್ಪು ಓದಿ ಬೇರೆಯವರ ಮಕ್ಕಳ ನೌಕರಿ ಕಳೀಬೇಡಿ ಸ್ವಾಮಿ. ನೀವು ಹೇಳ್ತಿರೋದು 2022ರ ಮೇ 2ರ ತೀರ್ಪು, ಕೊರೊನಾ ಲಸಿಕೆ ವಿಷಯದ್ದು. 21ನೇ ವಿಧಿ ಪ್ರಕಾರ ದೇಹದ ಮೇಲಿನ ಹಕ್ಕು ಅವರವರದು, ಬಲವಂತ ಮಾಡೋ ಹಾಗಿಲ್ಲ ಅಂತ ಹೇಳಿದ್ದು ಹೌದು. ಅದೇ ತೀರ್ಪಲ್ಲಿ, ಸಮಾಜದ ಆರೋಗ್ಯಕ್ಕಾಗಿ ಸರ್ಕಾರ ಮಿತಿಯೊಳಗೆ ನಿರ್ಬಂಧ ಹಾಕಬಹುದು ಅಂತಲೂ ಇದೆ. ಮೇಲಾಗಿ ಅದು ನಮ್ಮ ನಿಮ್ಮಂಥ ನಾಗರಿಕರ ಮಾತು. ಸೈನಿಕರ ಮೂಲಭೂತ ಹಕ್ಕನ್ನ ಎಷ್ಟು ಮೊಟಕು ಮಾಡಬಹುದು ಅಂತ ತೀರ್ಮಾನಿಸೋ ಅಧಿಕಾರವನ್ನ ಸಂವಿಧಾನದ 33ನೇ ವಿಧಿ ಸಂಸತ್ತಿಗೆ ಕೊಟ್ಟಿದೆ.

2021ರಲ್ಲೇ ಇಂಥದ್ದೊಂದು ನಡೆದಿದೆ. ಜಾಮ್‌ನಗರದಲ್ಲಿದ್ದ ವಾಯುಪಡೆಯ ಕಾರ್ಪೊರಲ್ ಒಬ್ಬರು ಕೊರೊನಾ ಲಸಿಕೆ ಬೇಡ ಅಂದ್ರು, ಷೋಕಾಸ್ ನೋಟಿಸ್ ಬಂತು, ಅವರು ಗುಜರಾತ್ ಹೈಕೋರ್ಟಿಗೆ ಹೋದ್ರು. ಕೋರ್ಟು ಅವರಿಗೆ ತಾತ್ಕಾಲಿಕ ರಕ್ಷಣೆ ಕೊಟ್ಟಿತು. ಆದ್ರೆ ಅದೇ ಕೇಸಲ್ಲಿ ಕೇಂದ್ರ ಹೇಳಿದ್ದೇನು ಗೊತ್ತಾ? ವಾಯುಪಡೆಯಲ್ಲಿ ಲಸಿಕೆ ಬೇಡ ಅಂದೋರು ಒಟ್ಟು ಒಂಬತ್ತು ಜನ, ನೋಟಿಸಿಗೆ ಉತ್ತರ ಕೊಡದ ಒಬ್ಬರನ್ನ ಸೇವೆಯಿಂದ ತೆಗೆದಾಗಿದೆ ಅಂತ. ಏನ್ ಮಾಡ್ತಾರೆ ನೋಡೋಣ ಅನ್ನೋದು ಕೂತು ಟೈಪ್ ಮಾಡೋರಿಗೆ ಸುಲಭ.

ಶರಾವತಿ ಹಿನ್ನೀರು:
ಅಂದ್ರೆ ಸೈನಿಕನ ದೇಹ ಸರ್ಕಾರದ್ದಾ? ನನಗಿದು ಒಪ್ಪೋಕೆ ಆಗಲ್ಲ.

ಕರಿಕೋಟು ಭದ್ರಾವತಿ:
ಹಾಗೆ ನಾನು ಹೇಳಿಲ್ಲ. ಅಲರ್ಜಿ ಇದ್ದೋನಿಗೆ ವೈದ್ಯಕೀಯ ಕಾರಣದ ವಿನಾಯಿತಿ ಇದ್ದೇ ಇದೆ. ಆ ದಾರಿ ತೆರೆದಿರುವಾಗ ಹಕ್ಕಿನ ಜಗಳ ಎಳ್ಕೊಂಡು ಹೋಗೋದು ಎಂತಕ್ಕೆ?

ಸಾಗರದಿಂದ ಟೆಕ್ಸಾಸ್:
ಇಲ್ಲಿ ಅಮೆರಿಕಾದಲ್ಲಿ ಇದೇ ವಿಷಯಕ್ಕೆ ದೊಡ್ಡ ರಾದ್ಧಾಂತ ಆಯ್ತು. 2021ರ ಆಗಸ್ಟಲ್ಲಿ ಸೈನಿಕರಿಗೆಲ್ಲ ಕೊರೊನಾ ಲಸಿಕೆ ಕಡ್ಡಾಯ ಮಾಡಿದ್ರು. ಬೇಡ ಅಂದ 8,000ಕ್ಕೂ ಹೆಚ್ಚು ಜನರನ್ನ ಮನೆಗೆ ಕಳಿಸಿದ್ರು. 2023ರ ಜನವರಿಯಲ್ಲಿ ಆ ಆದೇಶನೇ ವಾಪಸ್. ನನ್ನ ಜೊತೆ ಕೆಲಸ ಮಾಡೋ ಹುಡುಗನೊಬ್ಬ ಹಾಗೆ ಹೊರಗೆ ಬಂದೋನು. ಧರ್ಮದ ಕಾರಣ ಕೊಟ್ಟು ಅರ್ಜಿ ಹಾಕಿದ್ದ, ತಿರಸ್ಕಾರ ಆಯ್ತು. ಆರು ವರ್ಷದ ಸೇವೆ ಹೋಯ್ತು ಅಂತ ಇವತ್ತಿಗೂ ಕೊರಗ್ತಾನೆ. ಅದೇ ಹುಡುಗ ಅದಕ್ಕೂ ಮುಂಚೆ ಸೇನೆ ಕೊಟ್ಟ ಬೇರೆ ಲಸಿಕೆಯನ್ನೆಲ್ಲ ತಕರಾರಿಲ್ಲದೆ ಹಾಕಿಸ್ಕೊಂಡಿದ್ದ.

ಇಲ್ಲಿ ಸೈನ್ಯಕ್ಕೆ ಲಸಿಕೆ ಕಡ್ಡಾಯ ಅನ್ನೋದು ಹೊಸದೂ ಅಲ್ಲ. 1777ರಲ್ಲೇ ಜಾರ್ಜ್ ವಾಷಿಂಗ್ಟನ್ ತನ್ನ ಸೈನಿಕರಿಗೆಲ್ಲ ಸಿಡುಬಿನ ಕೀವು ಚುಚ್ಚಿಸಿದ್ದ.

ಮೇಷ್ಟ್ರು ಶಿಕಾರಿಪುರ:
ಅಷ್ಟು ದೂರ ಯಾಕೆ, ನಮ್ಮ ಮೈಸೂರನ್ನೇ ನೋಡಿ. 1805ರ ಸುಮಾರಿಗೆ ಮೈಸೂರು ಅರಮನೆಯ ರಾಣಿಯರ ಒಂದು ಚಿತ್ರ ಇದೆ, ಬರೆದದ್ದು ಥಾಮಸ್ ಹಿಕಿ. ಒಬ್ಬ ರಾಣಿ ಸೆರಗು ಸರಿಸಿ ತೋಳು ತೋರಿಸ್ತಿದ್ದಾಳೆ. ಸಿಡುಬಿನ ಲಸಿಕೆಗೆ ಜನ ಹೆದರದಿರಲಿ ಅಂತ ಮಾಡಿಸಿದ ಚಿತ್ರ ಅದು ಅಂತ ಇತಿಹಾಸಕಾರರು ಹೇಳ್ತಾರೆ. ಆ ಕಾಲದಲ್ಲಿ ಸಿಡುಬು ಅಂದ್ರೆ ಅಮ್ಮ ಬಂದಳು ಅಂತ ಬೇವಿನ ಸೊಪ್ಪು ಕಟ್ಟಿ ಕೂರ್ತಿದ್ದ ಜನ. ಇವತ್ತೂ ನಾವು ಮಾರಿಕಾಂಬೆ ಜಾತ್ರೆ ಮಾಡ್ತೀವಿ, ಮಕ್ಕಳಿಗೆ ಲಸಿಕೆನೂ ಹಾಕಿಸ್ತೀವಿ, ಎರಡಕ್ಕೂ ಜಗಳ ಇಲ್ಲ.

ಸೈನ್ಯದ ಉದಾಹರಣೆ ಬೇಕು ಅಂದ್ರೆ ದಕ್ಷಿಣ ಆಫ್ರಿಕಾದಲ್ಲಿ ಬ್ರಿಟಿಷರು ಮಾಡಿದ ಬೋಯರ್ ಯುದ್ಧ ಇದೆ. 1899ರಿಂದ 1902. ಬ್ರಿಟಿಷರ ಹತ್ರ ಆಗಲೇ ಟೈಫಾಯ್ಡ್ ಲಸಿಕೆ ಇತ್ತು, ಆದ್ರೆ ಇಷ್ಟ ಇದ್ದೋರು ಹಾಕಿಸ್ಕೊಳ್ಳಿ ಅಂದ್ರು. ಹಾಕಿಸ್ಕೊಂಡೋರು ತೀರಾ ಕಡಿಮೆ. ಸಾವಿರಾರು ಸೈನಿಕರು ಗುಂಡಿಗಲ್ಲ, ಜ್ವರಕ್ಕೆ ಸತ್ತರು. ಮೊದಲನೇ ಮಹಾಯುದ್ಧದ ಹೊತ್ತಿಗೆ ಪಾಠ ಕಲಿತು ಹೆಚ್ಚುಕಮ್ಮಿ ಎಲ್ಲರಿಗೂ ಹಾಕಿದ್ರು.

ಅಡಿಕೆ ತೋಟ:
ಮೇಷ್ಟ್ರೇ, ಪಾಠ ಚೆನ್ನಾಗಿದೆ. ಆದ್ರೆ ಆ ಹುಡುಗಿ ಕೇಳಿದ್ದಕ್ಕೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ಇಲ್ಲಿ ಡಾಕ್ಟರು ಯಾರೂ ಇಲ್ವಾ?

ತುಂಗಾತೀರದ ಅಕ್ಕ:
ಎಲ್ಲರಿಗೂ ಧನ್ಯವಾದ. ಅಮ್ಮನ ಹಟ ಯಾಕೆ ಅಂತ ಹೇಳ್ಬಿಡ್ತೀನಿ. ನಮ್ಮ ಕಡೆ ಮಂಗ ಸತ್ತು ಬಿದ್ದ ವರ್ಷ ಆಶಾ ಅಕ್ಕ ಮನೆಮನೆಗೆ ಬಂದು ಮಂಗನ ಕಾಯಿಲೆ ಲಸಿಕೆ ಹಾಕಿಸಿದ್ರು. ದೊಡ್ಡಪ್ಪನಿಗೆ ತೋಳು ಊದಿ ಜ್ವರ ಬಂದು ಮಲಗಿಬಿಟ್ರು. ಮುಂದಿನ ಬೇಸಿಗೆಯಲ್ಲಿ ಅವರಿಗೇ ಮಂಗನ ಕಾಯಿಲೆ ಬಂತು. ಮಣಿಪಾಲಕ್ಕೆ ಸೇರಿಸಿ ಉಳಿಸ್ಕೊಂಡ್ವಿ. ಅವತ್ತಿಂದ ಅಮ್ಮನಿಗೆ ಸೂಜಿ ಅಂದ್ರೆ ಆಗಲ್ಲ.

ಕಾನ್ಲೆ ಕಡೆಯೋಳು:
ನಿಮ್ಮಮ್ಮನ ನೋವು ನನಗೆ ಅರ್ಥ ಆಗ್ತದೆ ಅಕ್ಕ. 2019ರಲ್ಲಿ ಅರಳಗೋಡಲ್ಲಿ ಸಾಲಾಗಿ ಜನ ಸತ್ತಾಗ ನಾವೆಲ್ಲ ಸಾಗರ ತಾಲ್ಲೂಕಲ್ಲೇ ಇದ್ವಿ. ಆ ಲಸಿಕೆ ಸಿಕ್ಕಾಪಟ್ಟೆ ನೋವು. ನಮ್ಮತ್ತೆ ಒಂದು ವಾರ ಆ ಕೈಲಿ ಕೊಡಪಾನ ಎತ್ತಕ್ಕಾಗಲಿಲ್ಲ. ಒಂದು ಸಲ ಹಾಕಿಸ್ಕೊಂಡು ಎರಡನೇ ಸಲಕ್ಕೆ ಹೆಂಗಸರು ತೋಟದಲ್ಲಿ ಅಡಗಿ ಕೂತಿದ್ದೂ ಉಂಟು. ಕೊನೆಗೆ ನೋಡಿದ್ರೆ ಅದರಲ್ಲಿ ಶಕ್ತಿನೇ ಸಾಲದು ಅಂತ 2022ರಲ್ಲಿ ನಿಲ್ಲಿಸಿಬಿಟ್ರು. ಈಗ ಕಾಡಿಗೆ ಹೋಗುವಾಗ ಉಣುಗು ಕಚ್ಚದ ಹಾಗೆ ಡೇಪಾ ಎಣ್ಣೆ ಹಚ್ಕೊಳ್ಳಿ ಅಂತಾರೆ, ಅಷ್ಟೇ. 1957ರಲ್ಲಿ ನಮ್ಮ ಸೊರಬದ ಕ್ಯಾಸನೂರು ಕಾಡಲ್ಲೇ ಸಿಕ್ಕ ಕಾಯಿಲೆ, ಇಷ್ಟು ವರ್ಷ ಆದ್ರೂ ನಮಗೊಂದು ಗಟ್ಟಿ ಲಸಿಕೆ ಇಲ್ಲ. ಸಿಟ್ಟು ಬರಲ್ವಾ?

ಶರಾವತಿ ಹಿನ್ನೀರು:
ನಾನು ಹೇಳಿದ್ದೂ ಇದನ್ನೇ. ಜನ ನಂಬಿ ತೋಳು ಕೊಟ್ರು, ಲಸಿಕೆ ಕೈ ಕೊಟ್ಟಿತು.

ಡಾಕ್ಟರಮ್ಮ ಶಿವಮೊಗ್ಗ:
ಡ್ಯೂಟಿ ಮುಗಿಸಿ ಈಗ ನೋಡಿದೆ. ಮಂಗನ ಕಾಯಿಲೆ ಲಸಿಕೆ ವಿಷಯದಲ್ಲಿ ನಿಮ್ಮ ಸಿಟ್ಟು ನ್ಯಾಯವಾದದ್ದೇ. ಅದು ವೈರಸ್ಸನ್ನ ಫಾರ್ಮಲಿನ್ನಲ್ಲಿ ಕೊಂದು ಮಾಡ್ತಿದ್ದ ಹಳೇ ಲಸಿಕೆ. ತಿಂಗಳ ಅಂತರದಲ್ಲಿ ಎರಡು, ಆಮೇಲೆ ಬೂಸ್ಟರು, ಆಮೇಲೆ ವರ್ಷವರ್ಷವೂ ಬೇಕಿತ್ತು. ಒಂದು ಹಾಕಿಸ್ಕೊಂಡು ಬಿಟ್ಟೋರಿಗೆ ರಕ್ಷಣೆ ಇಲ್ಲವೇ ಇಲ್ಲ ಅನ್ನಬಹುದು. ಹೊಸ ಲಸಿಕೆಗೆ ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐ.ಸಿ.ಎಂ.ಆರ್. ಕೈ ಹಾಕಿದೆ.

ಹಳದಿ ಜ್ವರದ್ದು ಬೇರೆ ಜಾತಿ. ಬಲ ಕುಂದಿಸಿದ ಜೀವಂತ ವೈರಸ್, 17ಡಿ ಅಂತಾರೆ. ಒಂದೇ ಡೋಸು ಸಾಕು. ಹಾಕಿಸ್ಕೊಂಡಿದ್ದಕ್ಕೆ ಒಂದು ಸರ್ಟಿಫಿಕೇಟು ಕೊಡ್ತಾರೆ, 2016ರ ಜುಲೈಯಿಂದ ಅದು ಜೀವನಪರ್ಯಂತ ನಡೆಯುತ್ತೆ. ಹಾಕಿಸ್ಕೊಂಡ ಹತ್ತು ದಿನದ ಮೇಲೆ ಅದು ಊರ್ಜಿತ, ಹಾಗಾಗಿ ಕೊನೇ ಗಳಿಗೆ ತನಕ ಕಾಯೋ ಹಾಗಿಲ್ಲ. ಆ ಕಾಯಿಲೆಗೆ ಔಷಧ ಇಲ್ಲ, ಜೋರಾದ್ರೆ ಲಿವರ್ ಕಿಡ್ನಿ ಎರಡನ್ನೂ ಹಿಡಿಯುತ್ತೆ. ಲಸಿಕೆ ಕಡ್ಡಾಯ ಮಾಡಿರೋದು ಸರಿ.

ಆದ್ರೆ ತಮ್ಮನ ಜೊತೆಯವನು ಹೇಳಿದ್ದು ನಿಜ. ಕೋಳಿಮೊಟ್ಟೆಯ ಭ್ರೂಣದಲ್ಲಿ ಬೆಳೆಸೋ ಲಸಿಕೆ ಅದು, ಮೊಟ್ಟೆಯ ಪ್ರೋಟೀನು ಸ್ವಲ್ಪ ಉಳಿದಿರುತ್ತೆ. ಹೊಸನಗರದ ತಮ್ಮಾ, ಟೈಫಾಯ್ಡು, ಧನುರ್ವಾಯು, ಕೋವಿಶೀಲ್ಡ್ ಇವು ಯಾವುದನ್ನೂ ಮೊಟ್ಟೆಯಲ್ಲಿ ಮಾಡಲ್ಲ. ಅವು ಒಗ್ಗಿದ್ವು ಅಂತ ಇದೂ ಒಗ್ಗುತ್ತೆ ಅನ್ನೋ ಹಾಗಿಲ್ಲ. ಮೊಟ್ಟೆ ತಿಂದು ತುಟಿ ಊದಿ ಉಸಿರು ಕಟ್ಟಿದ್ದೋರಿಗೆ ಪರೀಕ್ಷೆ ಮಾಡದೆ ಈ ಲಸಿಕೆ ಹಾಕೋ ಹಾಗೇ ಇಲ್ಲ.

ಅಕ್ಕ, ಒಂದು ಕೇಳ್ಬೇಕು. ಅವನು ಕೇಕು, ಮೊಟ್ಟೆ ಹಾಕಿದ ಬಿಸ್ಕತ್ತು ತಿಂತಾನಾ?

ತುಂಗಾತೀರದ ಅಕ್ಕ:
ಮೆಸ್ಸಲ್ಲಿ ಅವನದು ಸಸ್ಯಾಹಾರ. ಆದ್ರೆ ಕ್ಯಾಂಟೀನ್ ಕೇಕು ಹುಟ್ಟುಹಬ್ಬಕ್ಕೆಲ್ಲ ತಿಂದಿದ್ದಾನೆ, ಏನೂ ಆಗಿಲ್ಲ ಮೇಡಂ. ಈಗಷ್ಟೇ ಫೋನಲ್ಲಿ ಕೇಳಿದೆ.

ಡಾಕ್ಟರಮ್ಮ ಶಿವಮೊಗ್ಗ:
ಅದು ಒಳ್ಳೇ ಲಕ್ಷಣ. ಚಿಕ್ಕಂದಿನ ಮೊಟ್ಟೆ ಅಲರ್ಜಿ ದೊಡ್ಡವರಾಗೋ ಹೊತ್ತಿಗೆ ಬಹಳ ಜನರಿಗೆ ಹೋಗಿಬಿಡುತ್ತೆ. ಆದ್ರೆ ಕೇಕು ಒಲೆಯಲ್ಲಿ ಬೆಂದಿರುತ್ತೆ, ಬಿಸಿಗೆ ಮೊಟ್ಟೆಯ ಪ್ರೋಟೀನು ಬದಲಾಗುತ್ತೆ. ಲಸಿಕೆಯಲ್ಲಿರೋದು ಬೇಯದ ಪ್ರೋಟೀನು. ಅದಕ್ಕೇ ಕೇಕು ತಿಂತಾನೆ ಅಂತ ಧೈರ್ಯ ಮಾಡೋ ಹಾಗಿಲ್ಲ.

ಚರ್ಮದ ಮೇಲೆ ಚುಚ್ಚಿ ನೋಡೋ ಪರೀಕ್ಷೆ ಇದೆ, ರಕ್ತ ಪರೀಕ್ಷೆನೂ ಇದೆ. ದೊಡ್ಡ ಮಿಲಿಟರಿ ಆಸ್ಪತ್ರೆಗೆ ಆರ್.ಎಂ.ಓ. ಬರೆದು ಕಳಿಸ್ತಾರೆ. ಅಲರ್ಜಿ ಹೋಗಿದೆ ಅಂತಾದ್ರೆ ಎಲ್ಲರ ಹಾಗೆ ಲಸಿಕೆ ಹಾಕ್ತಾರೆ. ಸ್ವಲ್ಪ ಉಳಿದಿದೆ ಅಂದ್ರೆ ತಜ್ಞರು ಚೂರುಚೂರೇ ಮಾಡಿ ಕೊಡೋ ಕ್ರಮ ಇದೆ, ಜೋರು ಅಲರ್ಜಿ ಆದ್ರೆ ಜೀವ ಉಳಿಸೋ ಅಡ್ರಿನಲಿನ್ ಇಂಜೆಕ್ಷನ್ ಪಕ್ಕದಲ್ಲಿ ಇಟ್ಕೊಂಡೇ ಕೊಡ್ತಾರೆ. ಜೋರಾಗೇ ಇದೆ ಅಂದ್ರೆ ಲಸಿಕೆ ಬೇಡ ಅಂತ ವೈದ್ಯಕೀಯ ಪತ್ರ ಕೊಡ್ತಾರೆ, ಆಗ ಈ ಸಲದ ಪ್ರಯಾಣ ತಪ್ಪಬಹುದು. ಯಾರಿಗಾದ್ರೂ ಜೋರು ಅಲರ್ಜಿ ಆಗೋದು ಲಕ್ಷಕ್ಕೆ ಒಬ್ಬರಿಗೆ ಅನ್ನೋ ಲೆಕ್ಕ. ಆ ಒಬ್ಬ ಯಾರು ಅಂತ ಮುಂಚೆ ಸುಳಿವು ಸಿಕ್ಕಿರುವಾಗ ಮುಚ್ಚಿಡೋದು ಯಾವ ಧೈರ್ಯ?

ಕುಪ್ಪಳಿ ದಾರಿ:
ಇದಕ್ಕೇ ಹೇಳೋದು, ಶಾಲೆಯಲ್ಲಿ ಎಲ್ಲಾ ಮಕ್ಕಳಿಗೂ ಮೊಟ್ಟೆ ಕೊಡಬಾರದು ಅಂತ. ನೋಡಿ ಏನಾಯ್ತು.

ಕಾನ್ಲೆ ಕಡೆಯೋಳು:
ಎಲ್ಲಿಂದೆಲ್ಲಿಗೆ! ಶಾಲೆಯಲ್ಲಿ ಬೇಡ ಅಂದೋರಿಗೆ ಬಾಳೆಹಣ್ಣು ಕೊಡ್ತಾರೆ. ನಮ್ಮೂರ ಬಡ ಮಕ್ಕಳು ಮೊಟ್ಟೆ ದಿನ ತಪ್ಪಿಸಲ್ಲ. ಅವನು ತಿಂದಿದ್ದು ಪಕ್ಕದ ಮನೇಲಿ, ಅದೂ ಎಷ್ಟೋ ವರ್ಷದ ಹಿಂದೆ.

ಕುಪ್ಪಳಿ ದಾರಿ:
ನಾನು ಹೇಳಿದ್ದು ಅಲರ್ಜಿ ಬಗ್ಗೆ, ಬಡವರ ಬಗ್ಗೆ ಅಲ್ಲ.

ನಿರ್ವಾಹಕರು:
ಮೊಟ್ಟೆ ಜಗಳಕ್ಕೆ ಬೇರೆ ಚರ್ಚೆ ತೆರೆಯಿರಿ. ಇಲ್ಲಿ ಬೇಡ.

ಹೊಸನಗರದ ಹುಡುಗ:
ಡಾಕ್ಟರಮ್ಮ ಹೇಳಿದ ಮೇಲೆ ನಾನು ಸುಮ್ನಾದೆ. ಆದ್ರೆ ಒಂದು ಪ್ರಶ್ನೆ. ಈಗ ಹೇಳಿದ್ರೆ ಭರ್ತಿ ಸಮಯದಲ್ಲಿ ಮುಚ್ಚಿಟ್ಟೆ ಅಂತ ಹಿಡಿಯಲ್ವಾ? ನಾನೂ ಅಗ್ನಿವೀರ್‌ಗೆ ಓಡ್ತಿದ್ದೀನಿ, ಗೊತ್ತಿರಲಿ ಅಂತ ಕೇಳ್ತಿದ್ದೀನಿ. ನಾಲ್ಕು ವರ್ಷದಲ್ಲಿ ನಾಲ್ಕರಲ್ಲಿ ಒಬ್ಬನನ್ನ ಮಾತ್ರ ಉಳಿಸ್ಕೊಳ್ಳೋದು. ಇಂಥದ್ದೊಂದು ಕಡ್ಡಿ ಸಿಕ್ಕಿದ್ರೆ ಅಲ್ಲಿಗೆ ಮುಗೀತು.

ಕರಿಕೋಟು ಭದ್ರಾವತಿ:
ಆರ್ಮಿ ಆ್ಯಕ್ಟ್ 44ನೇ ಸೆಕ್ಷನ್ ಇದೆ. ಭರ್ತಿ ಫಾರಂನಲ್ಲಿ ಕೇಳಿದ ಪ್ರಶ್ನೆಗೆ ಗೊತ್ತಿದ್ದೂ ಬೇಕಂತಲೇ ಸುಳ್ಳು ಉತ್ತರ ಕೊಟ್ಟಿದ್ರೆ ಐದು ವರ್ಷದವರೆಗೂ ಸಜೆ. ಕೇಳಿದ ಪ್ರಶ್ನೆಗೆ ಅನ್ನೋದನ್ನ ಗಮನಿಸಿ. ಅಕ್ಕ ಹೇಳೋ ಪ್ರಕಾರ ಇವನಿಗೆ ಅಲರ್ಜಿ ಬಗ್ಗೆ ಕೇಳೇ ಇಲ್ಲ. ಫಾರಂನಲ್ಲಿ ಏನಿತ್ತು, ತಾನು ಏನು ಬರೆದೆ ಅಂತ ಅವನು ಸರಿಯಾಗಿ ನೆನಪು ಮಾಡ್ಕೊಳ್ಳಲಿ. ಒಂದನೇ ಕ್ಲಾಸಲ್ಲಿ ಒಂದೇ ಸಲ ಆದದ್ದನ್ನ ಬೇಕಂತಲೇ ಮುಚ್ಚಿಟ್ಟ ಅನ್ನೋದು ಅಷ್ಟು ಸುಲಭ ಅಲ್ಲ ಅಂತ ನನ್ನ ಅನಿಸಿಕೆ. ಆದ್ರೆ ಈಗ ಲಸಿಕೆ ಹಾಕೋ ಮುಂಚೆ ಮೊಟ್ಟೆ ಅಲರ್ಜಿ ಇದೆಯಾ ಅಂತ ಕೇಳೇ ಕೇಳ್ತಾರೆ. ಆಗ ಇಲ್ಲ ಅಂದ್ರೆ ಅದು ಎದುರಿಗೇ ಹೇಳಿದ ಸುಳ್ಳು.

ಹಳೇ ಹವಾಲ್ದಾರ್:
ವಕೀಲರು ಸರಿಯಾಗಿ ಹೇಳಿದ್ರು. ನನ್ನ ಕಂಪನಿಯಲ್ಲಿ ಒಬ್ಬನಿಗೆ ಪೆನ್ಸಿಲಿನ್ ಆಗ್ತಿರಲಿಲ್ಲ. ನೌಕರಿ ಹೋಗುತ್ತೆ ಅಂತ ಹೆದರಿ ಹೇಳಿರಲಿಲ್ಲ. ಒಂದು ಸಲ ಕಾಲಿಗೆ ಗಾಯ ಆಗಿ ಎಂ.ಐ. ರೂಮಿಗೆ ಹೋದಾಗ ಸೂಜಿ ಕೊಟ್ರು, ಅಲ್ಲೇ ಕುಸಿದ. ಡಾಕ್ಟರ್ ಸಾಹೇಬ್ರು ಪಕ್ಕದಲ್ಲೇ ಇದ್ರು, ಬದುಕಿದ. ಆಮೇಲೆ ಅವನ ಹೆಲ್ತ್ ಕಾರ್ಡಲ್ಲಿ ಕೆಂಪು ಇಂಕಲ್ಲಿ ಬರೆದ್ರು, ಅಷ್ಟೇ. ನೌಕರಿ ಹೋಗಲಿಲ್ಲ, ನಾಯಕ್ ಆಗಿ ಪಿಂಚಣಿ ತಗೊಂಡು ಹೋದ.

ಪಟ್ಟಿಯಿಂದ ಹೆಸರು ಹೋದ್ರೆ ಬೇಜಾರಾಗೋದು ಸಹಜ. ಜೊತೆಯವರೆಲ್ಲ ಹೊರಟಾಗ ಹಿಂದೆ ಉಳಿಯೋದು ಸಿಪಾಯಿಗೆ ದೊಡ್ಡ ಸಂಕಟ, ಅದು ನನಗೆ ಗೊತ್ತು. ನಮ್ಮ ಕೊಡಗಿನ ತಿಮ್ಮಯ್ಯ ಸಾಹೇಬ್ರು ಸೈಪ್ರಸ್ಸಲ್ಲಿ ವಿಶ್ವಸಂಸ್ಥೆ ಪಡೆ ನಡೆಸ್ತಿದ್ದಾಗಲೇ 1965ರಲ್ಲಿ ತೀರಿಕೊಂಡ್ರು. ಆ ನೀಲಿ ಟೊಪ್ಪಿಗೆ ಅಷ್ಟು ಮರ್ಯಾದೆ ಇದೆ. ಆದ್ರೆ ಅಲ್ಲಿಗೆ ಹೋಗಿ ಮಲಗಿಬಿಟ್ರೆ ಜೊತೆಯವರು ಇವನನ್ನ ಹೊರಬೇಕು. ಒಬ್ಬ ಹೇಳದೆ ಇರೋದು ಇಡೀ ತುಕಡಿಯ ಮೇಲೆ ಬೀಳುತ್ತೆ.

ಶರಾವತಿ ಹಿನ್ನೀರು:
ಹವಾಲ್ದಾರ್ ಮಾಮ, ನಿಮ್ಮ ಮಾತು ಒಪ್ತೀನಿ. ಆದ್ರೆ ಪ್ರತಿಯೊಬ್ಬನಿಗೂ ಇದು ಯಾವ ಲಸಿಕೆ, ಯಾರಿಗೆ ಆಗಲ್ಲ ಅಂತ ಅವರ ಭಾಷೆಯಲ್ಲೇ ಮೊದಲು ಹೇಳ್ಬೇಕಿತ್ತಲ್ವಾ? ಜೊತೆಯವನ ಬಾಯಿಂದ ತಿಳಿಯೋದಾ? ಕಡ್ಡಾಯ ಮಾಡೋರಿಗೆ ಆ ಜವಾಬ್ದಾರಿ ಇನ್ನೂ ಜಾಸ್ತಿ.

ಡಾಕ್ಟರಮ್ಮ ಶಿವಮೊಗ್ಗ:
ಇದನ್ನ ನಾನೂ ಒಪ್ತೀನಿ.

ಹಳೇ ಹವಾಲ್ದಾರ್:
ನಾನೂ.

ತುಂಗಾತೀರದ ಅಕ್ಕ:
ರಾತ್ರಿ ತಮ್ಮನಿಗೆ ಎಲ್ಲಾ ಓದಿ ಹೇಳಿದೆ. ಪೆನ್ಸಿಲಿನ್ ಕತೆ ಕೇಳಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಸೋಮವಾರ ಸಿಕ್ ರಿಪೋರ್ಟಿಗೆ ಹೋಗ್ತೀನಿ ಅಂದ. ಅಪ್ಪನಿಗೆ ಇನ್ನೂ ಸಮಾಧಾನ ಇಲ್ಲ, ಹೆಸರು ಹೋದ್ರೆ ಏನ್ ಮಾಡೋದು ಅಂತಾರೆ. ಅಮ್ಮನ ಹತ್ರ, ಡಾಕ್ಟರು ಪರೀಕ್ಷೆ ಮಾಡಿ ಆಮೇಲೆ ತೀರ್ಮಾನ ಮಾಡ್ತಾರೆ ಅಂದೆ. ಪರೀಕ್ಷೆಗೂ ಸೂಜಿನಾ ಅಂತ ಕೇಳಿದ್ರು. ಅವತ್ತು ಆಸ್ಪತ್ರೇಲಿ ಕೊಟ್ಟ ಚೀಟಿ ಅಪ್ಪನ ಟ್ರಂಕಲ್ಲಿ ತೋಟದ ಪಹಣಿ ಜೊತೆ ಸಿಕ್ಕಿತು, ಮಡಿಕೆ ಹರಿದಿದೆ, ತಾರೀಖು ಓದಕ್ಕೆ ಬರುತ್ತೆ. ಅದರಿಂದ ಏನಾದ್ರೂ ಉಪಯೋಗ ಇದೆಯಾ ಮೇಡಂ?

ಡಾಕ್ಟರಮ್ಮ ಶಿವಮೊಗ್ಗ:
ಖಂಡಿತ ಇದೆ. ಯಾವ ಇಂಜೆಕ್ಷನ್ ಕೊಟ್ಟಿದ್ರು ಅಂತ ಅದರಲ್ಲಿ ಬರೆದಿದ್ರೆ ಎಷ್ಟು ಜೋರಾಗಿತ್ತು ಅಂತ ಅವರಿಗೆ ಗೊತ್ತಾಗುತ್ತೆ. ಫೋಟೋ ತೆಗೆದು ತಮ್ಮನಿಗೆ ಮಾತ್ರ ಕಳಿಸಿ, ಇಲ್ಲಿ ಹಾಕ್ಬೇಡಿ. ಮೂಲ ಪ್ರತಿ ಮನೇಲೇ ಇರಲಿ. ಚರ್ಮದ ಪರೀಕ್ಷೆಗೆ ಮುಂಚೆ ಅವನು ನೆಗಡಿಗೆ ಸೆಟ್ರಿಜಿನ್ ಥರದ ಮಾತ್ರೆ ತಗೊಂಡಿದ್ರೆ ಅದನ್ನೂ ಹೇಳಲಿ. ಅದು ಮೈಯಲ್ಲಿದ್ರೆ ಅಲರ್ಜಿ ಇದ್ದರೂ ಚರ್ಮದ ಮೇಲೆ ಕಾಣಲ್ಲ.

ಹೊಸನಗರದ ಹುಡುಗ:
ನನಗೆ ಸೀಗಡಿ ತಿಂದ್ರೆ ಮೈ ತುರಿಸುತ್ತೆ ಮೇಡಂ. ಅದನ್ನೂ ರ‍್ಯಾಲಿ ಮೆಡಿಕಲ್‌ನಲ್ಲಿ ಹೇಳ್ಬೇಕಾ?

ಹಳೇ ಹವಾಲ್ದಾರ್:
ಕೇಳಿದ್ರೆ ಹೇಳು. ಮೊದಲು ಆ 1600 ಮೀಟರ್ ಓಟ ಟೈಮಿಗೆ ಮುಗಿಸು ತಮ್ಮಾ.